ಆಷಾಢದ ಕ್ಲಬ್

ಆಷಾಢದಾಗ ಲಗ್ನ ಇಲ್ಲ, ಲಗ್ನ ಇಲ್ಲಂದ್ರ ನಮಗ ಪಗಾರಿಲ್ಲ.
ಕೆಂಪು ಕೋಟು ಗೂಟಕ್ಕ ನೇತುಹಾಕಿ
ಬಂಗಾರದ ಗುಂಡಿಗೊಳ ಮ್ಯಾಲ ಹಳೇ ಧೋತರ ಹೊಚ್ಚಿ
ಸಂಜೀಮುಂದ ಪಾವಟಿಗಿ ಹತ್ತತೀವಿ,
ಸಾಖರ ಪೇಠದ ಹಿಂದಿನ ಓಣ್ಯಾಗ
ಮೊದಲ ಇಸ್ಪೀಟ್ ಕ್ಲಬ್ ಇದ್ದ ಮಾಳಗಿಗೆ.
ಪೋಲೀಸರು ಎಲಿ ಒಯ್ದರು, ಬೋರ್ಡು ಒಯ್ಯಲಿಲ್ಲ.
ಈಗ ಆ ಬೋರ್ಡಿಗೆ ನಾವಽ ಮಾಲಕರು.

ಜಾಝ್ ಅಂದ್ರ ಡ್ರಮ್ಮಿನ ಸೆಟ್ಟು ಅಂತಿದ್ವಿ ನಾವು,
ಸೋಲಾಪುರದಾಗ ಹಂಗಽ ಅಂತಾರ:
"ಜಾಝ್ ಬಾರಿಸ್ಲಿಕ್ಕೆ ಅಂಬಾದಾಸ ಬಂದಾನೇನು?"
ಅದು ಬಾರ್ಸೂದಲ್ಲೋ, ಊದೂದು, ಅಂದ್ರ ಬರೇ ಊದೂದೂ ಅಲ್ಲ...
ಲಾಲಸಾಬ ಮಾಸ್ತರ ತಿಳಿಸಿ ಹೇಳ್ಲಿಕ್ಕೆ ಹೋಗಿ
ಅರ್ಧಕ್ಕ ಬಿಟ್ಟು ಟ್ರಂಪೆಟ್ಟಿನ ಉಗುಳು ಝಾಡಿಸಿದ.
ಹರೇದಾಗ ಮಿರಜದ ರೈಲ್ವೆ ಕ್ವಾರ್ಟರ್ಸಿನ್ಯಾಗ
ಗೋವಾದಂವ ಒಬ್ಬಂವ ಅವಗ ಕಲಿಸಿದ್ದನಂತ:
"ಧಾಟಿ ನಿನ್ನ ಮನಿ. ಹೊರಗ ತಿರುಗು.
ಊಟದ ಹೊತ್ತಿಗೆ ಮಾತ್ರ ಮನಿಗೆ ಬಾ."

ನಾ ಏನ್ ಬಾರಿಸ್ತೀನಿ? ಖುಳಖುಳಿ.
ಬರಾತಿನ್ಯಾಗ ಎಲ್ಲಾರ ಹಿಂದ, ಜನರೇಟರ್ ಗಾಡಿ ಮುಂದ.
ಹದಿನಾಲ್ಕು ವರ್ಷದಾಗ ಯಾರೂ
"ಏ ರೇವಣ್ಯಾ, ತಾಳ ತಪ್ಪಿತು" ಅಂದಿಲ್ಲ.
ತಪ್ಪಿದ್ದು ಕೇಳಿಸಿದ್ರ ತಾನ?

ಆ ಐತವಾರ ಖಾಜಾಭಾಯಿ ಸ್ಯಾಕ್ಸೊಫೋನಿಗೆ ಹೊಸಾ ರೀಡು.
ಅಂಗಿ ತೋಳಿಲೆ ಅದರ ಸೊಂಡಿ ಒರಸಿ
ಒಂದಽ ಸಲ ಊದಿದ ನೋಡು,
ಕೆಳಗ ಚಾದ್ರ ಅಂಗಡ್ಯಾಗಿನ ಮುದುಕ ಎದ್ದ ನಿಂತ.
ಲಗ್ನದಾಗ ನೂರ ಸಲ ಊದಿದ ಅದಽ ಧಾಟಿ,
ಆದ್ರ ಮುಂದ ಕುದರಿ ಇಲ್ಲ, ಕುಣಿಯೂ ಮಾವಂದಿರಿಲ್ಲ,
ಮಾರಿ ಮುಂದ ನೋಟು ಆಡಸೂವವರಿಲ್ಲ.
ಧಾಟೀನೂ ಕೋಟು ಬಿಚ್ಚಿ ಬನೀನಿನ ಮ್ಯಾಲ ಬಂತು.
ಮಾಸ್ತರ ಅದರ ಕೈ ಹಿಡದು ಹೊಸ್ತಿಲ ದಾಟಿಸಿದ,
ಖಾಜಾಭಾಯಿ ಸಂದ್ಯಾಗ ಬೆನ್ನ ಹತ್ತಿದ,
ಅಂಬಾದಾಸ ತಲಿ ಅಲ್ಲಾಡಿಸಿ ನಕ್ಕ, ನಗೂದು ಬಿಟ್ಟು ಬಾರಿಸಿದ.
ಪಾವಟಿಗಿ ತುಂಬ ಮಂದಿ.

ಆಗ ಕರೆಂಟ್ ಹೋತು.

ಬಲ್ಬು ಹೋತಂತ ಯಾರೂ ಬಾಜಾ ನಿಲ್ಲಸೂದಿಲ್ಲ.
ಆದ್ರ ಓಣಿ ತುಂಬ ಮಗ್ಗ ನಿಂತ್ವು,
ನಲವತ್ತು ಪವರ್‌ಲೂಮು, ಒಂದಽ ಸಲಕ್ಕ.
ಆವಾಗ ತಿಳೀತು:
ಇಷ್ಟು ದಿನ ನಾವು ಅಂಬಾದಾಸನ ತಾಳಕ್ಕ ಊದಿಲ್ಲ,
ಅಂಬಾದಾಸನೂ ಅಂಬಾದಾಸನ ತಾಳಕ್ಕ ಬಾರಿಸಿಲ್ಲ.
ಬೇವಿನ ತುದಿಗೆ ಹತ್ತಿದ ಹುಡುಗನ್ಹಂಗ ಮಾಸ್ತರ
ಒಂದ ಸ್ವರದ ಮ್ಯಾಲ ಸಿಕ್ಕೊಂಡ,
ಇಳೀಲಿಕ್ಕೆ ಟೊಂಗಿ ಕಾಣವಲ್ದು.

ನನ್ನ ಕೈ ತಾನಽ ಆಡ್ತು.
ಛಕ್ ಛಕ್, ಛಕ್ ಛಕ್, ಲಾಳಿ ಹೋಗಿ ಬಂದ್ಹಂಗ.
ಕತ್ತಲದಾಗ ಯಾರೋ "ಹಾಂ" ಅಂದ್ರು.
ಮಾಸ್ತರ ಒಂದ ಟೊಂಗಿ ಇಳದ.

ನೇಕಾರರು ಹೊರಗ ಬಂದು ಓಣ್ಯಾಗ ನಿಂತ್ರು,
ಹುಬ್ಬಿನ ಮ್ಯಾಲ ಹತ್ತಿ, ಕಿವ್ಯಾಗ ಹತ್ತಿ.
ಕಂಡಿಕಿ ಸುತ್ತೂ ನರಸವ್ವ ಕೆಳಗಿಂದ ಒದರಿದ್ಲು,
ಅರ್ಧ ತೆಲುಗು, ಅರ್ಧ ನಮ್ಮದು:
"ಏಮಯ್ಯಾ, ನಮ್ಮ ಮೂರನೇ ಮಗ್ಗ ಕುಂಟತದ!
ಆ ಕುಂಟು ಎಲ್ಲಿ ಬಿಟ್ಟಿ?"

ಎಲ್ಲಾರೂ ನಕ್ರು. ನಾ ನಗಲಿಲ್ಲ.
ಹಾಕಿ ನೋಡಿದೆ. ಛಕ್ ಛಕ್, ಛಕ್... ಕ.
ಒಂದ ಎಳಿಯಷ್ಟು ತಡ.
ಆ ತಡದಾಗ ಅಂಬಾದಾಸ ಕಾಲಿಟ್ಟ,
ಹಿಂದಽ ಖಾಜಾಭಾಯಿ ಇಡೀ ಮೈ ತುರುಕಿದ,
ಮಾಳಗಿ ಹಲಗಿ ನಡಗಿದ್ವು.
ಮಾಸ್ತರ ಟ್ರಂಪೆಟ್ ಕೆಳಗಿಳಿಸಿ ಅಂದ:
"ಇದಽ. ಇದಽ ನಾ ಹೇಳ್ಲಿಕ್ಕೆ ಹತ್ತಿದ್ದು."
ಮತ್ತ ಬಾಯಿಗೆ ಹಚ್ಚಿದ.

ಎಷ್ಟೊತ್ತು ಬಾರಿಸಿದ್ವೋ ಏನೋ.
ನರಸವ್ವ ಪಾವಟಿಗಿ ಮ್ಯಾಲ ಕುಂತು ಖಾಲಿ ಕಂಡಿಕಿ ಕುಟ್ಟಿದ್ಲು,
ತಪ್ಪಿದಾಗೊಮ್ಮೆ ನನ್ನ ಕಡೆ ನೋಡಿದ್ಲು.
ಕತ್ತಲಿದ್ರೂ ಗೊತ್ತಾತು.

ಕರೆಂಟ್ ಬಂತು. ಮಗ್ಗ ಸುರು ಆದ್ವು,
ನಮಗಿಂತ ಒಂದೀಟು ಜೋರ, ನಮ್ಮನ್ನ ಕೇಳದಽ.
"ಉಳದದ್ದು ನಾಳೆ" ಅಂತ ನೇಕಾರರು ಒಳಗ ಹೋದ್ರು.
ನಾ ಕೈ ನಿಲ್ಲಿಸಿ ಆ ಮೂರನೇದಕ್ಕ ಕಾದೆ.
ಬಂತು,
ತಡಾ ಮಾಡಿ.